ಹಸುಗೂಸಿಗೆ ಮೊದಲ ಅಂಕ ಕೊಟ್ಟವರು: ಡಾ. ವರ್ಜೀನಿಯಾ ಅಪ್ಗಾರ್

ಹೆರಿಗೆ ಆಸ್ಪತ್ರೆಯಿಂದ ತಾಯಿ ಮಗು ಮನೆಗೆ ಹೊರಟಾಗ ಕೈಗೆ ಕೊಡುವ ಕಾಗದವನ್ನು ಗಮನಿಸಿ ಓದಿದವರಿಗೆ ಅದರಲ್ಲಿ ಮಗುವಿನ ತೂಕದ ಪಕ್ಕದಲ್ಲೋ ಕೆಳಗೋ ಅಪ್ಗಾರ್ ಎಂಬ ಪದ ಕಂಡಿರಬಹುದು. ಅದರ ಮುಂದೆ 8, 9 ಎಂದು ಎರಡು ಅಂಕಿಗಳು. ಬಹಳ ಜನ ಇದು ಯಾವುದೋ ಪರೀಕ್ಷೆಯ ಹೆಸರೆಂದು ತಿಳಿದುಕೊಳ್ಳುತ್ತಾರೆ. ಅದು ಒಬ್ಬ ವ್ಯಕ್ತಿಯ ಹೆಸರು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಕೆಲಸ ಮಾಡಿದ ಡಾ. ವರ್ಜೀನಿಯಾ ಅಪ್ಗಾರ್ ಅವರ ಹೆಸರು. ಅವರು ಮಕ್ಕಳ ವೈದ್ಯರಲ್ಲ, ಹೆರಿಗೆ ವೈದ್ಯರೂ ಅಲ್ಲ. ಅವರು ಅರಿವಳಿಕೆ ತಜ್ಞೆ. ಜನ ಆಡುವ ಮಾತಿನಲ್ಲಿ ಮತ್ತು ಕೊಡುವ ಡಾಕ್ಟರು. ಆ ಕೆಲಸವನ್ನು ವೈದ್ಯರು ಶಾಸ್ತ್ರೀಯವಾಗಿ ಕಲಿಯಬೇಕು, ಕಲಿಸಬೇಕು ಎಂಬ ವಿಷಯಕ್ಕೆ ತಮ್ಮ ಅರ್ಧ ಆಯುಷ್ಯವನ್ನು ಕೊಟ್ಟವರು ಅವರು.

ಬಾಲ್ಯ ಮತ್ತು ಓದು

ವರ್ಜೀನಿಯಾ ಹುಟ್ಟಿದ್ದು 1909ರ ಜೂನ್ 7ರಂದು, ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ಮೂವರು ಮಕ್ಕಳಲ್ಲಿ ಕೊನೆಯವರು. ತಂದೆ ವಿಮಾ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಬಿಡುವಿನಲ್ಲಿ ಅವರಿಗೆ ಆಕಾಶ ನೋಡುವ, ಏನಾದರೊಂದು ಯಂತ್ರ ಜೋಡಿಸುವ ಗೀಳು. ಮನೆಯಲ್ಲಿ ಸಂಗೀತವಿತ್ತು, ವರ್ಜೀನಿಯಾ ಚಿಕ್ಕಂದಿನಲ್ಲೇ ಪಿಟೀಲು ಹಿಡಿದರು. ಅದೇ ಮನೆಯಲ್ಲಿ ಕಾಯಿಲೆಯೂ ಇತ್ತು. ಒಬ್ಬ ಅಣ್ಣ ಕ್ಷಯದಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ, ಇನ್ನೊಬ್ಬ ಬಹುಕಾಲ ಚರ್ಮರೋಗದಿಂದ ನರಳಿದ. ಹುಡುಗಿ ಹೈಸ್ಕೂಲು ಮುಗಿಸುವ ಹೊತ್ತಿಗೆ ಡಾಕ್ಟರಾಗಬೇಕೆಂದು ನಿಶ್ಚಯಿಸಿಯಾಗಿತ್ತು.

ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು. ಫೀಸಿನ ಖರ್ಚಿಗಾಗಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿದರು. ಪ್ರಯೋಗಾಲಯಕ್ಕೆ ಬೆಕ್ಕು ಹಿಡಿದು ತರುವುದೂ ಅವುಗಳಲ್ಲೊಂದು. 1929ರಲ್ಲಿ ಪದವಿ ಪಡೆದು ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಸೇರಿದರು. ಸುಮಾರು 90 ಜನರ ತರಗತಿಯಲ್ಲಿ ಹೆಣ್ಣುಮಕ್ಕಳು ಒಂಬತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಶೇರುಪೇಟೆ ಕುಸಿದು ಮಹಾಕುಸಿತದ ಕಷ್ಟದ ವರ್ಷಗಳು ಶುರುವಾದವು. ವರ್ಜೀನಿಯಾ ಸಾಲ ಮಾಡಿ ಓದಿದರು. 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ಎಂ.ಡಿ. ಪಡೆದಾಗ ತಲೆಯ ಮೇಲೆ ಹತ್ತಿರ ಹತ್ತಿರ 4,000 ಡಾಲರ್ ಸಾಲವಿತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಕೈ ತಪ್ಪಿದ ಕತ್ತರಿ

ಅವರ ಆಸೆ ಇದ್ದದ್ದು ಶಸ್ತ್ರಚಿಕಿತ್ಸಕಿ ಆಗಬೇಕೆಂದು. ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯಲ್ಲಿ ಆ ತರಬೇತಿಗೆ ಜಾಗವೂ ಸಿಕ್ಕಿತು, ಕೆಲಸವನ್ನೂ ಚೆನ್ನಾಗಿಯೇ ಮಾಡಿದರು. ಆದರೆ ವಿಭಾಗದ ಮುಖ್ಯಸ್ಥ ಡಾ. ಅಲೆನ್ ವಿಪಲ್ ಅವರನ್ನು ಕರೆದು ದಾರಿ ಬದಲಿಸುವಂತೆ ಸಲಹೆ ಮಾಡಿದರು. ಅವರು ತರಬೇತಿ ಕೊಟ್ಟಿದ್ದ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆ ಹೊರೆಯಲಾಗದೆ ಕಷ್ಟಪಟ್ಟಿದ್ದನ್ನು ಅವರು ಕಂಡಿದ್ದರು. ಸಾಲ ಹೊತ್ತ ಹುಡುಗಿಗೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮಾತು. ವಿಪಲ್ ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ರೋಗಿಯನ್ನು ಗಂಟೆಗಟ್ಟಲೆ ಸುರಕ್ಷಿತವಾಗಿ ಮಲಗಿಸಿಡುವ ವಿದ್ಯೆ ಬೆಳೆಯದಿದ್ದರೆ ಶಸ್ತ್ರಚಿಕಿತ್ಸೆ ಇದ್ದಲ್ಲೇ ನಿಲ್ಲುತ್ತದೆ, ಅದಕ್ಕೆ ಬುದ್ಧಿ, ಚುರುಕು ಎರಡೂ ಇರುವ ವೈದ್ಯರು ಬೇಕು ಎಂಬುದು ಅವರ ಅಭಿಪ್ರಾಯ.

ಈಥರ್ ಕೊಟ್ಟು ಶಸ್ತ್ರಕ್ರಿಯೆ ಮಾಡಬಹುದೆಂದು ಬೋಸ್ಟನ್ನಿನಲ್ಲಿ ಜಗತ್ತಿಗೆ ತೋರಿಸಿದ್ದು 1846ರಲ್ಲಿ. ಅದಾಗಿ ಸುಮಾರು ತೊಂಬತ್ತು ವರ್ಷ ಕಳೆದಿದ್ದರೂ ಅಮೆರಿಕದಲ್ಲಿ ಅರಿವಳಿಕೆಯನ್ನು ವೈದ್ಯಕೀಯದ ಪ್ರತ್ಯೇಕ ಶಾಖೆಯೆಂದು ಒಪ್ಪಿದವರು ಕಡಿಮೆ. ಹೆಚ್ಚಿನ ಆಸ್ಪತ್ರೆಗಳಲ್ಲಿ ಆ ಕೆಲಸ ಮಾಡುತ್ತಿದ್ದವರು ಅದರಲ್ಲೇ ಪಳಗಿದ ನರ್ಸುಗಳು. ಅವರ ಕೈ ನುರಿತದ್ದೇ. ಆದರೆ ಯಾವ ಔಷಧ ದೇಹದಲ್ಲಿ ಏನು ಮಾಡುತ್ತದೆ, ಉಸಿರು ಇಳಿದಾಗ ರಕ್ತದಲ್ಲಿ ಏನಾಗುತ್ತದೆ ಎಂದು ಸಂಶೋಧಿಸಿ ಮುಂದಿನವರಿಗೆ ಕಲಿಸುವ ವ್ಯವಸ್ಥೆ ಇರಲಿಲ್ಲ. ವೈದ್ಯರಿಗೆ ಆ ತರಬೇತಿ ಕೊಡುವ ಜಾಗಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟಿದ್ದವು.

ಕಲಿಯಲು ಹೊರಟ ವರ್ಷ

ವರ್ಜೀನಿಯಾ ಮೊದಲು ತಮ್ಮ ಆಸ್ಪತ್ರೆಯ ನರ್ಸುಗಳ ಬಳಿಯೇ ಕಲಿತರು. ಆಮೇಲೆ 1937ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿಗೆ ಹೋದರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ 1927ರಲ್ಲಿ ಬಂದಿದ್ದ ಡಾ. ರಾಲ್ಫ್ ವಾಟರ್ಸ್ ಅರಿವಳಿಕೆಯಲ್ಲಿ ವೈದ್ಯರಿಗೆ ವರ್ಷಗಟ್ಟಲೆ ಕ್ರಮಬದ್ಧ ತರಬೇತಿ ಕೊಡುವ ಪದ್ಧತಿಯನ್ನು ಕಟ್ಟಿದ್ದರು. ಆಪರೇಷನ್ ಥಿಯೇಟರಿನಲ್ಲಿ ಕೈಕೆಲಸ, ಪ್ರಯೋಗಾಲಯದಲ್ಲಿ ಸಂಶೋಧನೆ, ಪ್ರತಿ ಅರಿವಳಿಕೆಯ ದಾಖಲೆ, ವಾರವಾರ ಕೂತು ಎಲ್ಲಿ ತಪ್ಪಾಯಿತೆಂದು ಚರ್ಚೆ. ಇಂದು ಯಾವುದೇ ಮೆಡಿಕಲ್ ಕಾಲೇಜಿನ ಅರಿವಳಿಕೆ ವಿಭಾಗದಲ್ಲಿ ಕಾಣುವ ಈ ಕ್ರಮಗಳಿಗೆ ಮ್ಯಾಡಿಸನ್ನೇ ತವರು. ಸೈಕ್ಲೋಪ್ರೊಪೇನ್ ಎಂಬ ಹೊಸ ಅನಿಲವನ್ನು ರೋಗಿಗಳಿಗೆ ಬಳಸಿ ಪ್ರಚಾರಕ್ಕೆ ತಂದದ್ದೂ ವಾಟರ್ಸ್ ಅವರ ತಂಡವೇ. ಈ ಅನಿಲದ ಮಾತು ಮುಂದೆ ಮತ್ತೆ ಬರುತ್ತದೆ.

ಕಲಿಕೆ ಚೆನ್ನಾಗಿತ್ತು, ಇರವು ಕಷ್ಟವಿತ್ತು. ಹೆಣ್ಣು ವೈದ್ಯರಿಗೆ ಆಸ್ಪತ್ರೆಯಲ್ಲಿ ವಸತಿಯ ಏರ್ಪಾಡು ಇರಲಿಲ್ಲ. ಆರು ತಿಂಗಳಲ್ಲಿ ಮತ್ತೆ ಮತ್ತೆ ಬಿಡಾರ ಬದಲಿಸಿದರು. ಗಂಡಸರಿಗಷ್ಟೇ ಎಂದು ನಡೆದ ಕೂಟಗಳಿಂದ ತನ್ನನ್ನು ಹೊರಗಿಟ್ಟಾಗ ಅವರಿಗೆ ಸಿಟ್ಟು ಬಂದಿತ್ತು. ಅದಾದ ಮೇಲೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ, ವಾಟರ್ಸ್ ಅವರ ಶಿಷ್ಯ ಡಾ. ಎಮರಿ ರೋವೆನ್‌ಸ್ಟೈನ್ ಬಳಿ ಇನ್ನಾರು ತಿಂಗಳು. ಅಲ್ಲಿ ಮಲಗಲು ಸಿಕ್ಕಿದ್ದು ಕೆಲಸದವರ ಕೋಣೆ.

ಒಬ್ಬರೇ ನಡೆಸಿದ ವಿಭಾಗ

1938ರಲ್ಲಿ ಅವರು ಪ್ರೆಸ್‌ಬಿಟೇರಿಯನ್ ಆಸ್ಪತ್ರೆಗೆ ಅರಿವಳಿಕೆ ವಿಭಾಗದ ನಿರ್ದೇಶಕಿಯಾಗಿ ಮರಳಿದರು. ಆ ಆಸ್ಪತ್ರೆಯಲ್ಲಿ ವಿಭಾಗವೊಂದರ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು. ಬರುವ ಮುಂಚೆಯೇ ವಿಪಲ್ ಅವರಿಗೆ ಒಂದು ಯೋಜನೆ ಬರೆದುಕೊಟ್ಟಿದ್ದರು. ವರ್ಷದಿಂದ ವರ್ಷಕ್ಕೆ ಒಂದಿಷ್ಟು ಯುವ ವೈದ್ಯರನ್ನು ತರಬೇತಿಗೆ ತೆಗೆದುಕೊಳ್ಳುವುದು, ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು, ನಿಧಾನವಾಗಿ ಇಡೀ ಕೆಲಸವನ್ನು ತರಬೇತಾದ ವೈದ್ಯರ ಕೈಗೆ ತರುವುದು.

ಕಾಗದದ ಮೇಲೆ ಸರಳವಾಗಿದ್ದದ್ದು ನಡೆಸುವಾಗ ಕಠಿಣವಾಯಿತು. ಯುವ ವೈದ್ಯರು ಬರಲು ಹಿಂಜರಿದರು. ಬಂದರೆ ಮರ್ಯಾದೆಯಿಲ್ಲ, ಹಣವೂ ಇಲ್ಲ. ಅನೇಕ ಶಸ್ತ್ರಚಿಕಿತ್ಸಕರು ಅರಿವಳಿಕೆ ಕೊಡುವವರನ್ನು ತಮಗೆ ಸಮಾನರೆಂದು ಒಪ್ಪುತ್ತಿರಲಿಲ್ಲ. ರೋಗಿಯಿಂದ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳುವ ವಿಚಾರದಲ್ಲೂ ಜಗಳ. 1940ರ ದಶಕದ ಮಧ್ಯದವರೆಗೆ ವಿಭಾಗದ ಖಾಯಂ ವೈದ್ಯರೆಂದರೆ ವರ್ಜೀನಿಯಾ ಒಬ್ಬರೇ. ಅದರ ನಡುವೆ ಎರಡನೆಯ ಮಹಾಯುದ್ಧ ಬಂತು. ಡಾಕ್ಟರುಗಳು ಸೈನ್ಯಕ್ಕೆ ಹೋದರು, ಉಳಿದವರ ಮೇಲೆ ಹೊರೆ ಬಿತ್ತು. ಹಗಲು ಥಿಯೇಟರು, ಸಂಜೆ ಪಾಠ, ರಾತ್ರಿ ತುರ್ತು ಕರೆ ಎಂಬಂತೆ ವರ್ಷಗಳು ಸಾಗಿದವು.

ಯುದ್ಧವೇ ಕೊನೆಗೆ ಪರಿಸ್ಥಿತಿಯನ್ನು ಬದಲಿಸಿತು. ರಣರಂಗದ ಆಸ್ಪತ್ರೆಗಳಲ್ಲಿ ಒಳ್ಳೆಯ ಅರಿವಳಿಕೆಗೂ ಕೆಟ್ಟ ಅರಿವಳಿಕೆಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ಕಂಡ ತರುಣ ವೈದ್ಯರು ಊರಿಗೆ ಮರಳಿ ಈ ಶಾಖೆಯನ್ನು ಕಲಿಯಲು ಮುಂದೆ ಬಂದರು. ವರ್ಜೀನಿಯಾ ಅವರ ವಿಭಾಗ ತುಂಬಿಕೊಂಡಿತು. ಅವರು ಬಲು ವೇಗವಾಗಿ ಮಾತಾಡುತ್ತಿದ್ದರು, ನಗಿಸುತ್ತಿದ್ದರು, ರೋಗಿಯ ಪಕ್ಕದಲ್ಲೇ ನಿಂತು ಕಲಿಸುತ್ತಿದ್ದರು. ಉಸಿರು ನಿಂತವರು ದಾರಿಯಲ್ಲಿ ಎಲ್ಲಿ ಸಿಕ್ಕಾರೆಂದು ಚೀಲದಲ್ಲಿ ಯಾವಾಗಲೂ ಶ್ವಾಸನಾಳಕ್ಕೆ ಹಾಕುವ ಕೊಳವೆ ಮತ್ತು ಒಂದು ಚಾಕು ಇಟ್ಟುಕೊಂಡು ತಿರುಗುತ್ತಿದ್ದರು.

1949ರಲ್ಲಿ ಕೊಲಂಬಿಯಾ ಅರಿವಳಿಕೆಯನ್ನು ಶಸ್ತ್ರಚಿಕಿತ್ಸೆಯ ಅಡಿಯಿಂದ ಬಿಡಿಸಿ ಸ್ವತಂತ್ರ ವಿಭಾಗವಾಗಿ ಮಾಡಿತು. ಹನ್ನೊಂದು ವರ್ಷ ಅದನ್ನು ಕಟ್ಟಿದವರಿಗೇ ಮುಖ್ಯಸ್ಥರ ಕುರ್ಚಿ ಸಿಗುತ್ತದೆಂದು ಹಲವರು ಎಣಿಸಿದ್ದರು. ಅದು ಸಿಕ್ಕಿದ್ದು ಸಂಶೋಧನೆಯಲ್ಲಿ ಹೆಸರು ಮಾಡುತ್ತಿದ್ದ ಡಾ. ಇಮ್ಯಾನ್ಯುಯೆಲ್ ಪ್ಯಾಪರ್ ಅವರಿಗೆ. ವರ್ಜೀನಿಯಾ ಅವರನ್ನು ಪೂರ್ಣ ಪ್ರಾಧ್ಯಾಪಕರನ್ನಾಗಿ ಮಾಡಲಾಯಿತು. ಆ ವೈದ್ಯಕೀಯ ಕಾಲೇಜಿನಲ್ಲಿ ಆ ಪದವಿಗೆ ಏರಿದ ಮೊದಲ ಮಹಿಳೆ ಅವರೇ. ಮರ್ಯಾದೆ ಬಂತು, ಅಧಿಕಾರ ಹೋಯಿತು. ಆಡಳಿತದ ಭಾರ ಇಳಿದ ಮೇಲೆ ಅವರು ಹೆರಿಗೆ ಕೋಣೆಯ ಕಡೆ ತಿರುಗಿದರು. ಜಗತ್ತು ಅವರನ್ನು ನೆನಪಿಟ್ಟುಕೊಂಡಿರುವುದು ಅಲ್ಲಿ ಮಾಡಿದ ಕೆಲಸಕ್ಕಾಗಿ.

ವಿದ್ಯಾರ್ಥಿಯ ಪ್ರಶ್ನೆ

ಆ ಕಾಲದ ಅಮೆರಿಕದಲ್ಲಿ ಶಿಶುಮರಣ ಒಟ್ಟಿನಲ್ಲಿ ಇಳಿಯುತ್ತಾ ಬಂದಿತ್ತು. ಹುಟ್ಟಿದ ಮೊದಲ ದಿನವೇ ಸಾಯುವ ಮಕ್ಕಳ ಪ್ರಮಾಣ ಮಾತ್ರ ಅಷ್ಟಾಗಿ ಇಳಿದಿರಲಿಲ್ಲ. ಹೆರಿಗೆಯಾದ ಕೂಡಲೇ ಎಲ್ಲರ ಗಮನ ತಾಯಿಯ ಮೇಲೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಿದ್ದರು. ಅತ್ತರೆ ಸರಿ, ಅಳದಿದ್ದರೆ ಒಬ್ಬೊಬ್ಬರು ಒಂದೊಂದು ಮಾಡುತ್ತಿದ್ದರು. ಮಗುವಿನ ಸ್ಥಿತಿ ಹೇಗಿದೆಯೆಂದು ಎಲ್ಲರೂ ಒಂದೇ ಭಾಷೆಯಲ್ಲಿ ಹೇಳುವ ಉಪಾಯವಿರಲಿಲ್ಲ.

ಒಂದು ಬೆಳಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುವಾಗ ವಿದ್ಯಾರ್ಥಿಯೊಬ್ಬ ಹಸುಗೂಸಿನ ಸ್ಥಿತಿಯನ್ನು ಅಳೆಯುವುದು ಹೇಗೆಂದು ಅವರನ್ನು ಕೇಳಿದ. ಅದು ಸುಲಭವೆಂದು ಹೇಳಿ ಅವರು ಕೈಗೆ ಸಿಕ್ಕಿದ ಕಾಗದದ ಮೇಲೆ ಐದು ಅಂಶಗಳನ್ನು ಗೀಚಿದರಂತೆ. ಊಟದ ತಟ್ಟೆಗಳನ್ನು ನೀವೇ ಎತ್ತಿಡಿ ಎಂಬ ಕ್ಯಾಂಟೀನಿನ ಸೂಚನಾ ಚೀಟಿ ಅದಾಗಿತ್ತೆಂದು ಹೇಳುತ್ತಾರೆ. ಬರೆದು ಮುಗಿಸಿ ಅದನ್ನು ಪರೀಕ್ಷಿಸಿ ನೋಡಲು ಹೆರಿಗೆ ಕೋಣೆಗೆ ನಡೆದರು.

ಆ ಐದು ಅಂಶಗಳು ಇವು: ಹೃದಯದ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದರೆ ಮಗು ತೋರುವ ಪ್ರತಿಕ್ರಿಯೆ, ಮೈಯ ಬಣ್ಣ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಹೃದಯ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಡಿದರೆ ಎರಡು, ಕಡಿಮೆ ಬಡಿದರೆ ಒಂದು, ಬಡಿತವೇ ಇಲ್ಲದಿದ್ದರೆ ಸೊನ್ನೆ. ಜೋರಾಗಿ ಅತ್ತರೆ ಎರಡು, ಉಸಿರು ಮೆಲ್ಲಗೆ ತಡೆತಡೆದು ಬಂದರೆ ಒಂದು. ಉಳಿದವೂ ಹೀಗೆಯೇ. ಒಟ್ಟು ಹತ್ತು. ಏಳು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಂತೆಯಿಲ್ಲ, ಮೂರು ಅಥವಾ ಅದಕ್ಕಿಂತ ಕಡಿಮೆಯಾದರೆ ಮಗು ಅಪಾಯದಲ್ಲಿದೆ. ಹುಟ್ಟಿ ಒಂದು ನಿಮಿಷಕ್ಕೆ ಅಂಕ ಕೊಡಬೇಕು. ಐದನೆಯ ನಿಮಿಷದ ಅಂಕ ಆಮೇಲೆ ಸೇರಿತು. ಆರೋಗ್ಯವಂತ ಮಕ್ಕಳಿಗೂ ಮೊದಲ ನಿಮಿಷದಲ್ಲಿ ಕೈಕಾಲು ನೀಲಿಯಾಗಿರುವುದರಿಂದ ಹತ್ತಕ್ಕೆ ಹತ್ತು ಸಿಗುವುದು ಅಪರೂಪ. ಆದ್ದರಿಂದ ನಿಮ್ಮ ಮಗುವಿನ ಕಾಗದದಲ್ಲಿ 8 ಎಂದಿದ್ದರೆ ಬೇಸರ ಬೇಡ.

ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಕಣ್ಣು, ಕಿವಿ, ಕೈ ಮತ್ತು ಒಂದು ಗಡಿಯಾರ ಸಾಕು. ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದು, ಪಕ್ಕದಲ್ಲಿ ನಿಂತ ಇನ್ನೊಬ್ಬರು ಕೊಡಬೇಕು ಎಂಬುದೂ ಅವರ ನಿಲುವು. ತನ್ನ ಕೆಲಸಕ್ಕೆ ತಾನೇ ಮಾರ್ಕು ಹಾಕಿಕೊಂಡರೆ ಕೈ ಧಾರಾಳವಾಗುವುದು ಮನುಷ್ಯ ಸ್ವಭಾವ. 1952ರಲ್ಲಿ ಒಂದು ವೈದ್ಯಕೀಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು, 1953ರಲ್ಲಿ ಪ್ರಬಂಧ ಅಚ್ಚಾಯಿತು. ನೋಡನೋಡುತ್ತಿದ್ದಂತೆ ದೇಶದೇಶಗಳಿಗೆ ಹಬ್ಬಿತು. 1962ರಲ್ಲಿ ಡಾ. ಜೋಸೆಫ್ ಬಟರ್‌ಫೀಲ್ಡ್ ಎಂಬ ಮಕ್ಕಳ ವೈದ್ಯರು ಅಪ್ಗಾರ್ ಎಂಬ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಅಪಿಯರೆನ್ಸ್, ಪಲ್ಸ್, ಗ್ರಿಮೇಸ್, ಆಕ್ಟಿವಿಟಿ, ರೆಸ್ಪಿರೇಷನ್ ಎಂದು ಐದು ಪದಗಳನ್ನು ಹೊಂದಿಸಿದರು. ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇನ್ನೂ ಸುಲಭವಾಯಿತು.

ತಾನೇ ಮೆಚ್ಚಿದ ಅನಿಲವನ್ನು ಬಿಟ್ಟದ್ದು

ಅಂಕ ಕೊಡುವುದಕ್ಕೆ ಅವರು ತೃಪ್ತರಾಗಲಿಲ್ಲ. ಕಡಿಮೆ ಅಂಕ ಏಕೆ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಡಾ. ಡಂಕನ್ ಹೋಲಡೇ ಮತ್ತು ಮಕ್ಕಳ ವೈದ್ಯ ಡಾ. ಸ್ಟಾನ್ಲಿ ಜೇಮ್ಸ್ ಜೊತೆ ಸೇರಿ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕ ಎಷ್ಟು, ಆಮ್ಲತೆ ಎಷ್ಟು, ತಾಯಿಗೆ ಕೊಟ್ಟ ಔಷಧ ಎಷ್ಟು ದಾಟಿ ಬಂದಿದೆ ಎಂದು ಅಳೆದರು. ಹುಟ್ಟಿದ ಮಗುವಿನ ರಕ್ತದಲ್ಲಿ ಆಮ್ಲಜನಕ ಕಡಿಮೆ ಇರುವುದು ಸಹಜ, ಅದರಿಂದ ತೊಂದರೆಯಿಲ್ಲ ಎಂಬ ಆ ಕಾಲದ ನಂಬಿಕೆ ಸುಳ್ಳಾಯಿತು. ಅಂತಹ ಮಕ್ಕಳ ಅಂಕವೇ ಕಡಿಮೆಯಾಗಿತ್ತು, ಅವುಗಳಿಗೆ ತಕ್ಷಣ ಉಸಿರು ಕೊಡಬೇಕಿತ್ತು.

ಇನ್ನೊಂದು ಸಂಗತಿಯೂ ಹೊರಬಿತ್ತು. ತಾಯಿಗೆ ಸೈಕ್ಲೋಪ್ರೊಪೇನ್ ಕೊಟ್ಟಾಗ ಹುಟ್ಟಿದ ಮಕ್ಕಳು ಮಂಕಾಗಿರುತ್ತಿದ್ದವು. ಸೊಂಟಕ್ಕೆ ಚುಚ್ಚುಮದ್ದು ಕೊಟ್ಟು ಬರೀ ಕೆಳಭಾಗ ಮರಗಟ್ಟಿಸಿದಾಗ ಹುಟ್ಟಿದ ಮಕ್ಕಳ ಅಂಕ ಅದಕ್ಕಿಂತ ಚೆನ್ನಾಗಿರುತ್ತಿತ್ತು. ಸೈಕ್ಲೋಪ್ರೊಪೇನ್ ಎಂದರೆ ಅವರ ಗುರು ಬಳಕೆಗೆ ತಂದ ಅನಿಲ, ಅವರು ವರ್ಷಗಟ್ಟಲೆ ಬಳಸಿ ಕಲಿಸಿದ ಅನಿಲ, ಅವರಿಗೆ ಎಲ್ಲಕ್ಕಿಂತ ಮೆಚ್ಚಾಗಿದ್ದ ಅನಿಲ. ಲೆಕ್ಕ ಕೈಗೆ ಬಂದ ಮೇಲೆ ಹೆರಿಗೆಯಲ್ಲಿ ಅದರ ಬಳಕೆಯನ್ನು ಅವರು ಬಿಟ್ಟುಬಿಟ್ಟರು. ಗುರುವಿನ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಅಳೆದು ನೋಡಿ ಒಪ್ಪು ಎಂಬ ಪಾಠವನ್ನು ಹೇಳಿಕೊಟ್ಟಿದ್ದೂ ಅದೇ ಗುರು.

ಐವತ್ತರಲ್ಲಿ ಹೊಸ ದಾರಿ

1959ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಅವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದರು. ಅಂಕಿಸಂಖ್ಯೆಗಳನ್ನು ಇನ್ನೂ ಚೆನ್ನಾಗಿ ಅರಿಯಬೇಕೆಂಬುದು ಅವರ ಉದ್ದೇಶವಾಗಿತ್ತು. ಅಲ್ಲಿಂದ ಕೊಲಂಬಿಯಾಕ್ಕೆ ಮರಳಲಿಲ್ಲ. ಪೋಲಿಯೋ ವಿರುದ್ಧ ಹೋರಾಡಿ, ಲಸಿಕೆ ಬಂದ ಮೇಲೆ ಹುಟ್ಟಿನಿಂದ ಬರುವ ಅಂಗದೋಷಗಳ ಕಡೆ ತಿರುಗಿದ್ದ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಗೆ ಸೇರಿದರು. ಊರೂರು ತಿರುಗಿ, ದೋಷವಿರುವ ಮಗುವನ್ನು ಅಡಗಿಸಿಡಬೇಡಿ, ಬಸುರಿಯಾಗಿದ್ದಾಗ ವೈದ್ಯರನ್ನು ಕೇಳದೆ ಔಷಧ ನುಂಗಬೇಡಿ, ರುಬೆಲ್ಲಾ ಲಸಿಕೆ ಹಾಕಿಸಿಕೊಳ್ಳಿ ಎಂದು ಜನರಿಗೆ ತಿಳಿಹೇಳಿದರು. ತಂದೆತಾಯಿಗಳಿಗಾಗಿ ಜೋನ್ ಬೆಕ್ ಎಂಬ ಪತ್ರಕರ್ತೆಯೊಡನೆ ಬರೆದ ಪುಸ್ತಕ 1972ರಲ್ಲಿ ಹೊರಬಂತು.

ಪಿಟೀಲಿನ ನಂಟು ಬಿಟ್ಟಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಬಂದಿದ್ದ ಕಾರ್ಲೀನ್ ಹಚಿನ್ಸ್ ಎಂಬ ವಾದ್ಯ ತಯಾರಕಿಯ ಪರಿಚಯವಾಗಿ ತಾವೂ ವಾದ್ಯ ಕಟ್ಟಲು ಕಲಿತರು. ಆಸ್ಪತ್ರೆಯ ಟೆಲಿಫೋನ್ ಬೂತಿನಲ್ಲಿದ್ದ ಒಂದು ಮೇಪಲ್ ಮರದ ಹಲಗೆ ವಾದ್ಯದ ಬೆನ್ನಿಗೆ ಹೇಳಿಮಾಡಿಸಿದಂತಿತ್ತು. ಆಸ್ಪತ್ರೆ ಕೊಡಲು ಒಪ್ಪಲಿಲ್ಲ. ಒಂದು ರಾತ್ರಿ ಇಬ್ಬರೂ ಹೋಗಿ ಅದೇ ಬಣ್ಣದ ಬೇರೆ ಹಲಗೆಯನ್ನು ಅಲ್ಲಿಟ್ಟು ಅದನ್ನು ತೆಗೆದುಕೊಂಡು ಬಂದರು. ಪ್ರಾಧ್ಯಾಪಕರು ಹೊರಗೆ ಕಾವಲು ನಿಂತಿದ್ದರು. ವರ್ಜೀನಿಯಾ ಕೈಯಾರೆ ಕಟ್ಟಿದ ವಾದ್ಯಗಳು ನಾಲ್ಕು.

ಅವರು ಮದುವೆಯಾಗಲಿಲ್ಲ. ಮೀನು ಹಿಡಿಯುವುದು, ಅಂಚೆಚೀಟಿ ಕೂಡಿಸುವುದು, ಕಾರನ್ನು ವೇಗವಾಗಿ ಓಡಿಸುವುದು ಅವರಿಗೆ ಪ್ರಿಯ. ವಯಸ್ಸಾದ ಮೇಲೆ ವಿಮಾನ ಹಾರಿಸುವುದನ್ನೂ ಕಲಿಯತೊಡಗಿದರು. 1974ರ ಆಗಸ್ಟ್ 7ರಂದು, ತಾವು ಕಲಿತು ಕಲಿಸಿದ ಅದೇ ಆಸ್ಪತ್ರೆಯಲ್ಲಿ 65ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂಚೆಚೀಟಿ ಕೂಡಿಸುತ್ತಿದ್ದವರ ಚಿತ್ರವಿರುವ ಅಂಚೆಚೀಟಿಯನ್ನು ಅಮೆರಿಕ ಸರಕಾರ 1994ರಲ್ಲಿ ಹೊರತಂದಿತು.

ಇಂದಿನ ತರಬೇತಿಗೆ ಅವರ ಪಾಠ

ಅಪ್ಗಾರ್ ಅಂಕಕ್ಕೆ ಮಿತಿಗಳಿವೆ. ಉಸಿರಾಡದ ಮಗುವಿಗೆ ನೆರವು ನೀಡಲು ಒಂದು ನಿಮಿಷ ಕಾಯಬಾರದು, ಕೂಡಲೇ ಶುರುಮಾಡಬೇಕು ಎಂಬುದು ಇಂದಿನ ನಿಯಮ. ಆ ಮಗು ಮುಂದೆ ಬುದ್ಧಿವಂತನಾಗುತ್ತಾನೋ ಇಲ್ಲವೋ ಎಂದು ಈ ಅಂಕ ಹೇಳಲಾರದು. ಕಪ್ಪು ಮೈಯ ಮಕ್ಕಳಲ್ಲಿ ಬಣ್ಣದ ಅಂಕ ಮೋಸಮಾಡಬಹುದು ಎಂಬ ಆಕ್ಷೇಪವೂ ಇದೆ. ಇಷ್ಟಾದರೂ ಎಪ್ಪತ್ತು ವರ್ಷ ದಾಟಿದ ಮೇಲೂ ಅದು ಬಳಕೆಯಲ್ಲಿ ಉಳಿದಿದೆ.

ಅರಿವಳಿಕೆ ತಜ್ಞರ ತರಬೇತಿಯೂ ಈಗ ಅಂಥದೇ ಪ್ರಶ್ನೆ ಎದುರಿಸುತ್ತಿದೆ. ಇಷ್ಟು ವರ್ಷ ಕಳೆದು ಪರೀಕ್ಷೆ ಪಾಸಾದರೆ ತಜ್ಞ ಎಂಬುದು ಹಳೆಯ ಪದ್ಧತಿ. ಕಳೆದ ವರ್ಷಗಳ ಬದಲು ಕೈಗೆ ಬಂದ ವಿದ್ಯೆಯನ್ನು ಅಳೆಯಬೇಕು ಎಂಬುದು ಸಾಮರ್ಥ್ಯ ಆಧಾರಿತ ತರಬೇತಿಯ ತಿರುಳು. ಅಮೆರಿಕದಲ್ಲಿ 1999ರಲ್ಲಿ ವೈದ್ಯರ ತರಬೇತಿಗೆ ಆರು ಸಾಮರ್ಥ್ಯಗಳನ್ನು ಗೊತ್ತುಮಾಡಿದರು. ಕೆನಡಾ 2017ರಿಂದ ಅರಿವಳಿಕೆ ತರಬೇತಿಯನ್ನು ಈ ದಾರಿಗೆ ತಂದಿತು. ಭಾರತದಲ್ಲಿ ಮೂರು ವರ್ಷಗಳ ಎಂ.ಡಿ. ಅರಿವಳಿಕೆ ಕೋರ್ಸಿನ ಪಠ್ಯಕ್ರಮವನ್ನೂ ಸಾಮರ್ಥ್ಯದ ಆಧಾರದಲ್ಲಿ ರೂಪಿಸಲಾಗಿದೆ. ಮಾಸ್ಕ್ ಹಿಡಿದು ಉಸಿರು ಕೊಡುವುದು, ಶ್ವಾಸನಾಳಕ್ಕೆ ಕೊಳವೆ ಹಾಕುವುದು, ಬೆನ್ನಿಗೆ ಸೂಜಿ ಚುಚ್ಚಿ ಮರಗಟ್ಟಿಸುವುದು, ಅಳದ ಕೂಸನ್ನು ಉಳಿಸುವುದು - ಇಂಥ ಒಂದೊಂದು ಕೆಲಸವನ್ನೂ ಗುರು ಪಕ್ಕದಲ್ಲಿ ನಿಂತು ನೋಡಬೇಕು. ಈ ಶಿಷ್ಯನನ್ನು ಒಂಟಿಯಾಗಿ ಬಿಡಬಹುದೋ, ಇನ್ನೂ ಜೊತೆಗಿರಬೇಕೋ ಎಂದು ತೀರ್ಮಾನಿಸಬೇಕು.

ಹೇಳುವುದು ಸುಲಭ, ಮಾಡುವುದಕ್ಕೆ ಪುರುಸೊತ್ತಿರುವ ಗುರುಗಳು ಬೇಕು. ರೋಗಿಗಳು ತುಂಬಿರುವ, ಅಧ್ಯಾಪಕರು ಕಡಿಮೆ ಇರುವ ಆಸ್ಪತ್ರೆಯಲ್ಲಿ ಅಂಕಪಟ್ಟಿ ಬರೀ ಗೀಟು ಹಾಕುವ ಕಾಗದವಾಗಿಬಿಡುವ ಅಪಾಯವಿದೆ. ವರ್ಜೀನಿಯಾ ಅವರ ಕೆಲಸದಲ್ಲಿ ಇದಕ್ಕೆ ಬೇಕಾದ ಮೂರು ಸೂತ್ರಗಳು ಸಿಗುತ್ತವೆ. ಅಳತೆಗೋಲು ಸರಳವಾಗಿರಬೇಕು. ಕೆಲಸ ಮಾಡಿದವನೇ ಅಂಕ ಕೊಟ್ಟುಕೊಳ್ಳಬಾರದು. ಅಂಕ ಕಡಿಮೆ ಬಂದಾಗ ಅಲ್ಲಿಗೇ ಬಿಡದೆ ಕಾರಣ ಹುಡುಕಿ, ಅದು ತನ್ನ ಮೆಚ್ಚಿನ ಪದ್ಧತಿಯೇ ಆಗಿದ್ದರೂ ಕೈಬಿಡಬೇಕು. ಸಾಲ ಹೊತ್ತು, ಬಾಡಿಗೆ ಕೋಣೆಗಳಲ್ಲಿ ಅಲೆದು, ಒಬ್ಬರೇ ವಿಭಾಗ ನಡೆಸಿ, ಕೊನೆಗೆ ಕುರ್ಚಿಯನ್ನೂ ಕಳೆದುಕೊಂಡ ಅವರು ಕಲಿಸುವುದನ್ನು ಮಾತ್ರ ಬಿಡಲಿಲ್ಲ. ವಿದ್ಯಾರ್ಥಿಯ ಪ್ರಶ್ನೆಗೆ ತಿಂಡಿ ಬಿಟ್ಟು ಎದ್ದು ಹೋಗಿ ಉತ್ತರ ಹುಡುಕುವ ಗುರು ಒಬ್ಬರಿದ್ದರೆ ಯಾವ ವಿಭಾಗದಲ್ಲಾದರೂ ಒಳ್ಳೆಯ ಡಾಕ್ಟರುಗಳು ತಯಾರಾಗುತ್ತಾರೆ.